ಏಳೂಕಾಲಿಗೆ ಬರುತ್ತಿದ್ದ ಎರಡು ರಿಂಗು

2007ರ ಏಪ್ರಿಲ್ ತಿಂಗಳು. ಎರಡು ವರ್ಷದ ನಂತರ ನನ್ನ ಗಂಡ ಗಲ್ಫ್‌ನಿಂದ ರಜೆಯಲ್ಲಿ ಮನೆಗೆ ಬಂದಿದ್ದರು. ಅವರು ಬಂದ ದಿನವೇ, ಸಂಜೆ ಏಳೂಕಾಲಿಗೆ, ನಮ್ಮ ಮನೆಯ ಟೆಲಿಫೋನು ಎರಡು ಸಲ ರಿಂಗಾಗಿ ನಿಂತಿತು. ನಡೆದದ್ದು ಇಷ್ಟೇ. ಆದರೆ ಆ ಎರಡು ರಿಂಗಿನಿಂದ ಕೆಟ್ಟ ನನ್ನ ತಲೆ ಇಂದಿಗೂ ಪೂರ್ತಿ ಸರಿಯಾಗಿಲ್ಲ ಎಂದರೆ ನೀವು ನಗಬಹುದು. ನಗುವ ಮೊದಲು ನಮ್ಮ ಮನೆಯ ಕ್ರಮವನ್ನು ಸ್ವಲ್ಪ ಕೇಳಬೇಕು.

ನಮ್ಮದು ಬದಿಯಡ್ಕ ಪೇಟೆಯಿಂದ ಬಸ್ಸಿನಲ್ಲಿ ಕಾಲು ಗಂಟೆ ಒಳಗಿನ ಊರು. ನನ್ನ ತವರು ಮೀಂಜ. ಮನೆಮಾತು ತುಳು, ನಾವು ಆಡಿದ್ದನ್ನೆಲ್ಲ ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆಗ ಮನೆಯಲ್ಲಿದ್ದದ್ದು ಮೂವರು: ಅತ್ತೆ, ನಾನು ಮತ್ತು ನಾಲ್ಕು ವರ್ಷದ ಮಗಳು ಚೈತ್ರಾ. ಗಂಡ ವೆಲ್ಡರ್. ಮದುವೆಯಾಗಿ ಆರು ವರ್ಷವಾಗಿದ್ದರೂ ನಾವಿಬ್ಬರು ಒಂದೇ ಮನೆಯಲ್ಲಿ ಇದ್ದ ದಿನಗಳನ್ನೆಲ್ಲ ಕೂಡಿಸಿದರೆ ಏಳು ತಿಂಗಳೂ ಆಗುತ್ತಿರಲಿಲ್ಲ. ಉಳಿದದ್ದೆಲ್ಲ ಫೋನಿನ ಸಂಸಾರ.

ಅಲ್ಲಿಂದ ಫೋನ್ ಮಾಡಿ ಮಾತಾಡುವುದು ಆಗ ಬಹಳ ದುಬಾರಿ. ಎತ್ತದ ಫೋನಿಗೆ ಮಾತ್ರ ಖರ್ಚಿಲ್ಲ. ಹಾಗಾಗಿ ನಮ್ಮ ಕಡೆಯ ಗಲ್ಫ್ ಮನೆಗಳಿಗೆಲ್ಲ ರಿಂಗಿನದ್ದೇ ಒಂದು ಕ್ರಮ ಇತ್ತು. ನಮ್ಮ ಮನೆಯಲ್ಲಿ ಎರಡು ರಿಂಗಾಗಿ ಕಟ್ಟಾದರೆ, ‘ಕೆಲಸ ಮುಗಿಸಿ ರೂಮಿಗೆ ಬಂದೆ, ಹುಷಾರಾಗಿದ್ದೇನೆ’ ಎಂದು ಅರ್ಥ. ಮೂರನೆಯ ರಿಂಗಿಗೆ ಹೋದರೆ ಏನೋ ವಿಷಯ ಉಂಟು, ಎತ್ತಬೇಕು. ಬಾಯಿಬಿಟ್ಟು ಮಾತಾಡುವುದು ಶುಕ್ರವಾರ ಬೆಳಿಗ್ಗೆ ಹತ್ತು ನಿಮಿಷ ಮಾತ್ರ. ಆ ಹತ್ತು ನಿಮಿಷದಲ್ಲಿ ಆರು ನಿಮಿಷ ಅತ್ತೆಯದು, ಎರಡು ನಿಮಿಷ ಮಗಳದು. ನನ್ನ ಪಾಲಿಗೆ ಬರುವಾಗ, ‘ಮತ್ತೆ ಎಂತ ವಿಶೇಷ?’ ‘ಎಂತದ್ದೂ ಇಲ್ಲ’ ಎಂಬಲ್ಲಿಗೆ ಮುಗಿಯುತ್ತಿತ್ತು.

ಮೊದಲ ಎರಡು ರಿಂಗಿಗೆ ಯಾರೂ ಫೋನ್ ಮುಟ್ಟಬಾರದು ಎಂಬುದು ಅತ್ತೆಯ ಕಟ್ಟಪ್ಪಣೆ. ಒಮ್ಮೆ ಪೋಲಿಯೋ ಹನಿಯ ಲೆಕ್ಕ ಬರೆಯಲು ಬಂದಿದ್ದ ಹುಡುಗಿ, ಫೋನ್ ರಿಂಗಾದಾಗ ತಾನೇ ಹತ್ತಿರ ಇದ್ದೇನೆಂದು ಎತ್ತಿಕೊಡಲು ಕೈ ಚಾಚಿದಳು. ಅತ್ತೆ ಅಡುಗೆಮನೆಯಿಂದ ಓಡಿಬಂದು, “ಮುಟ್ಬೇಡ! ಅದು ನನ್ನ ಮಗನದ್ದು!” ಎಂದು ಕೂಗಿದ ರಭಸಕ್ಕೆ ಪಾಪ, ಅವಳ ಪೆನ್ನು ಕೆಳಗೆ ಬಿತ್ತು.

ಸಂಜೆ ದೀಪ ಹಚ್ಚಿ, ಬೀಡಿ ಕಟ್ಟುವ ತಟ್ಟೆಯನ್ನು ಬದಿಗಿಟ್ಟು, ನಾನು ಚಾವಡಿಯಲ್ಲಿ ಫೋನಿನ ಹತ್ತಿರ ಕೂರುತ್ತಿದ್ದೆ. ರಿಂಗಾಗಿ ನಿಂತ ಕೂಡಲೇ ಅತ್ತೆ ಒಳಗಿಂದ, “ಬಂತಾ?” ಎನ್ನುತ್ತಿದ್ದರು. ನಾನು “ಬಂತು” ಎನ್ನುತ್ತಿದ್ದೆ. ಆಮೇಲೆಯೇ ಗಂಜಿಯ ಪಾತ್ರೆಗೆ ಸೌಟು ಹಾಕುವುದು. ಚೈತ್ರಾ, “ಪಪ್ಪ ಬಂದ್ರು” ಎಂದು ಹೇಳಿ ಮಣೆಯ ಮೇಲೆ ಕೂತುಬಿಡುತ್ತಿದ್ದಳು. ಅವಳ ಲೆಕ್ಕದಲ್ಲಿ ಪಪ್ಪ ಎಂದರೆ ಆ ಶಬ್ದವೇ. ನಾನೊಂದು ಕೆಲಸ ಮಾಡುತ್ತಿದ್ದೆ, ಯಾರಿಗೂ ಹೇಳಿರಲಿಲ್ಲ. ರಿಂಗು ನಿಂತ ಮೇಲೆ ರಿಸೀವರಿನ ಮೇಲೆ ಅಂಗೈ ಇಟ್ಟು ಒಂದು ಗಳಿಗೆ ನಿಲ್ಲುತ್ತಿದ್ದೆ. ‘ಆಯಿತು, ಊಟ ಮಾಡಿ, ಬೇಗ ಮಲಗಿ’ ಎಂದು ಮನಸ್ಸಿನಲ್ಲೇ ಹೇಳುತ್ತಿದ್ದೆ. ಇಡೀ ದಿನದಲ್ಲಿ ಗಂಡನೊಡನೆ ನಾನು ಇರುತ್ತಿದ್ದದ್ದು ಅಷ್ಟೇ ಹೊತ್ತು.

ಮೊದಲೆಲ್ಲ ಆ ರಿಂಗಿಗೆ ಹೊತ್ತುಗೊತ್ತು ಇರಲಿಲ್ಲ. ಒಂದು ದಿನ ಏಳಕ್ಕೆ, ಇನ್ನೊಂದು ದಿನ ಎಂಟಕ್ಕೆ, ಕೆಲವು ದಿನ ಇಲ್ಲವೇ ಇಲ್ಲ. ಬಾರದ ದಿನ ಅತ್ತೆ ಎರಡು ತುತ್ತು ಉಂಡು ಎದ್ದುಬಿಡುತ್ತಿದ್ದರು. ಆದರೆ ಹಿಂದಿನ ವರ್ಷದ ಸೆಪ್ಟೆಂಬರಿನಿಂದ ಅದು ಸರಿಯಾಗಿ ಏಳೂಕಾಲಿಗೆ ಬರತೊಡಗಿತು. ಒಂದು ದಿನವೂ ತಪ್ಪಲಿಲ್ಲ. ನಮ್ಮ ಗೋಡೆ ಗಡಿಯಾರ ನಿಂತರೆ ಆ ರಿಂಗು ಕೇಳಿ ಮುಳ್ಳು ತಿರುಗಿಸುತ್ತಿದ್ದೆ. ನನಗೆ ಹೆಮ್ಮೆಯೋ ಹೆಮ್ಮೆ. ನೆರೆಮನೆಯವರ ಹತ್ತಿರ, “ನಮ್ಮವರಿಗೆ ಈಗ ಜವಾಬ್ದಾರಿ ಬಂದಿದೆ” ಎಂದು ಜಂಬ ಕೊಚ್ಚಿದ್ದೆ. ಒಂದು ಶುಕ್ರವಾರ ನನ್ನ ಎರಡು ನಿಮಿಷದಲ್ಲಿ ನಾಚಿಕೆ ಬಿಟ್ಟು, “ದಿನಾ ಸರಿ ಹೊತ್ತಿಗೆ ರಿಂಗ್ ಕೊಡ್ತೀರಿ, ನನಗೆ ಎಷ್ಟು ಸಮಾಧಾನ ಆಗ್ತದೆ ಗೊತ್ತುಂಟಾ?” ಎಂದೂ ಹೇಳಿದ್ದೆ. ಅವರು ಸ್ವಲ್ಪ ತಡೆದು, “ಹೂಂ” ಎಂದಿದ್ದರು.

ಆ ‘ಹೂಂ’ ನೆನಪಿಟ್ಟುಕೊಳ್ಳಿ.

ಅವರು ಬಂದ ದಿನ ಮನೆ ತುಂಬ ಗದ್ದಲ. ಮಧ್ಯಾಹ್ನ ಬಂಗುಡೆ ಮೀನಿನ ಸಾರಿನ ಊಟ, ನೋಡಿ ಹೋಗಲು ಬಂದವರಿಗೆ ಚಹಾ, ಪೆಟ್ಟಿಗೆ ಬಿಚ್ಚುವ ಸಂಭ್ರಮ. ಚೈತ್ರಾ ಮಾತ್ರ ಅಪ್ಪನ ಹತ್ತಿರ ಹೋಗದೆ ನನ್ನ ಸೆರಗಿನ ಹಿಂದೆಯೇ ಇದ್ದಳು. ನನಗೂ ಅವರ ಮುಖ ನೇರ ನೋಡಲು ಏನೋ ಸಂಕೋಚ. ಸಂಜೆ ಎಲ್ಲರೂ ಹೋದ ಮೇಲೆ ದೀಪ ಹಚ್ಚಿದೆ. ಅವರು ಚಾವಡಿಯಲ್ಲಿ ಬನಿಯನ್ ಹಾಕಿಕೊಂಡು ಚಹಾ ಕುಡಿಯುತ್ತಿದ್ದರು. ಅತ್ತೆ ಒಳಗೆ ತೆಂಗಿನಕಾಯಿ ತುರಿಯುತ್ತಿದ್ದರು.

ಫೋನ್ ರಿಂಗಾಯಿತು. ಎರಡು ಸಲ. ನಿಂತಿತು.

“ಬಂತಾ?” ಎಂದರು ಅತ್ತೆ.

“ಬಂತು” ಎಂದೆ ನಾನು. ಬಾಯಿ ತಾನಾಗಿ ಹೇಳಿತ್ತು.

“ಪಪ್ಪ ಬಂದ್ರು” ಎಂದು ಚೈತ್ರಾ ಮಣೆ ಎಳೆದುಕೊಂಡಳು.

ಆಮೇಲೆ ತುರಿಯುವ ಸದ್ದು ನಿಂತಿತು. ಅತ್ತೆ ಬಾಗಿಲಿಗೆ ಬಂದು ಒಮ್ಮೆ ಫೋನನ್ನು, ಒಮ್ಮೆ ಮಗನನ್ನು ನೋಡಿದರು. ನಾನೂ ನೋಡಿದೆ. ಗಂಡ ಎದುರಿಗೇ ಕೂತಿದ್ದಾರೆ, ಕೈಯಲ್ಲಿ ಚಹಾದ ಲೋಟ ಉಂಟು. ಹಾಗಾದರೆ ಈಗ ರೂಮಿಗೆ ಬಂದು ಹುಷಾರಾಗಿದ್ದೇನೆ ಎಂದು ಹೇಳಿದ್ದು ಯಾರು?

“ಯಾರೋ ರಾಂಗ್ ನಂಬರ್ ಇರಬೇಕು” ಎಂದರು ಅವರು. ಲೋಟ ಕೆಳಗಿಟ್ಟು ಅಂಗಳಕ್ಕೆ ಇಳಿದು ಹೋದರು.

ರಾಂಗ್ ನಂಬರ್ ಸರಿಯಾಗಿ ಏಳೂಕಾಲಿಗೆ, ಸರಿಯಾಗಿ ಎರಡೇ ರಿಂಗ್ ಕೊಡುತ್ತದೆಯೇ? ನಮ್ಮ ಈ ಕ್ರಮ ಊರಿಗೆಲ್ಲ ಗೊತ್ತು. ಯಾರಾದರೂ ಪೋಕರಿ ತಮಾಷೆಗೆ ಮಾಡಿದ್ದಾನೆಯೇ? ಗಂಡ ಏನೆಂದು ತಿಳಿದುಕೊಂಡರು? ಎರಡು ವರ್ಷ ಒಬ್ಬಳೇ ಇದ್ದ ಹೆಂಡತಿಗೆ ಗಂಡ ಬಂದ ದಿನವೇ ಯಾರೋ ರಿಂಗ್ ಕೊಡುತ್ತಾನೆ ಎಂದರೆ ಯಾವ ಗಂಡಸಿನ ಮನಸ್ಸಿಗೆ ಏನು ಬರಬಹುದು? ಉಣ್ಣುವಾಗ ಅವರು ತಲೆ ಎತ್ತಲಿಲ್ಲ. ಅತ್ತೆ ನನ್ನನ್ನು ಎಂದೂ ನೋಡದ ಹಾಗೆ ನೋಡಿದರು. ಏನೂ ತಪ್ಪು ಮಾಡದೆ ನಾನು ಕಳ್ಳಿಯ ಹಾಗೆ ಕೂತಿದ್ದೆ.

ಮರುದಿನ ಇಡೀ ಹಗಲು ನನಗೆ ಅದೇ ಯೋಚನೆ. ಸಂಜೆ ಬರುವಾಗ ಎತ್ತಿ ಕೇಳಿಯೇ ಬಿಡಬೇಕು, ಎಲ್ಲರ ಎದುರೇ ಕೇಳಬೇಕು ಎಂದು ಗಟ್ಟಿ ಮಾಡಿಕೊಂಡೆ. ಏಳೂಕಾಲು ಆಯಿತು. ಮೊದಲ ರಿಂಗಿಗೆ ಕೈ ಮುಂದೆ ಹೋಗಲಿಲ್ಲ, ಅಷ್ಟು ವರ್ಷದ ಅಭ್ಯಾಸ. ಎರಡನೆಯದು ಮುಗಿಯುವಷ್ಟರಲ್ಲಿ ಹೇಗೋ ಎತ್ತಿದೆ.

“ಹಲೋ, ಯಾರು?” ಎಂದೆ. ನನ್ನ ಸ್ವರ ನನಗೇ ಜಗಳಕ್ಕೆ ನಿಂತವರ ಸ್ವರದಂತೆ ಕೇಳಿತು.

ಆ ಕಡೆ ಏನೂ ಇಲ್ಲ. ಉಸಿರಿನ ಸದ್ದು. ಒಂದು ಗಂಡಸಿನ ಕೆಮ್ಮು. ಫೋನ್ ಕಟ್ಟಾಯಿತು.

ತಿರುಗಿ ನೋಡಿದರೆ ಗಂಡ ನೆಲ ನೋಡುತ್ತಿದ್ದರು. ಸಂಶಯ ಬಂದವರು ಸಿಡುಕುತ್ತಾರೆ, ಪ್ರಶ್ನೆ ಕೇಳುತ್ತಾರೆ. ಇವರು ಕೇಳುತ್ತಲೇ ಇಲ್ಲ. ಆಗ ಮೊದಲ ಸಲ ನನಗೆ ಬೇರೆಯೇ ಒಂದು ಅನುಮಾನ ಬಂತು: ಈ ಮನುಷ್ಯನಿಗೆ ಏನೋ ಗೊತ್ತುಂಟು.

ಮೂರನೆಯ ದಿನ ಬೆಳಿಗ್ಗೆ, “ಚೈತ್ರಾಗೆ ಚಪ್ಪಲಿ ತರ್ಲಿಕ್ಕೆ ಉಂಟು, ನೀನೂ ಬಾ” ಎಂದು ಬದಿಯಡ್ಕಕ್ಕೆ ಹೊರಡಿಸಿದರು. ಮಗಳನ್ನು ಮನೆಯಲ್ಲೇ ಬಿಟ್ಟು ಅವಳ ಚಪ್ಪಲಿಗೆ ನಾವಿಬ್ಬರೇ ಹೊರಟಾಗಲೇ ನನಗೆ ಗೊತ್ತಾಯಿತು, ಇದು ಚಪ್ಪಲಿಯ ವಿಷಯ ಅಲ್ಲ. ಬಸ್‌ಸ್ಟಾಪಿನಲ್ಲಿ ಬೇರೆ ಯಾರೂ ಇರಲಿಲ್ಲ.

“ಶಶೀ, ಆ ರಿಂಗು ಕಣ್ಣೇಟ್ಟನದ್ದು” ಎಂದರು.

“ಯಾವ ಕಣ್ಣೇಟ್ಟ?” ಎಂದೆ. ಏಟ್ಟ ಎಂದರೆ ಮಲಯಾಳದಲ್ಲಿ ಅಣ್ಣ.

“ನನ್ನ ರೂಮಿನವರು. ನೀಲೇಶ್ವರದವರು. ಪ್ರಾಯದವರು, ಕಂಪೆನಿಯ ಸ್ಟೋರಿನಲ್ಲಿ ಇರುದು.”

“ಅವರು ಯಾಕೆ ನಮ್ಮ ಮನೆಗೆ ರಿಂಗ್ ಕೊಡುದು?”

ಅವರು ಹೇಳಿದ್ದು ಹೀಗೆ. ಸೆಪ್ಟೆಂಬರಿನಲ್ಲಿ ಕಂಪೆನಿ ಅವರನ್ನು ಮರಳುಗಾಡಿನ ಒಳಗೆ ಪೈಪ್‌ಲೈನ್ ಕೆಲಸಕ್ಕೆ ಕಳಿಸಿತ್ತು. ಅಲ್ಲಿ ಫೋನಿಲ್ಲ, ಮೊಬೈಲಿಗೆ ರೇಂಜ್ ಇಲ್ಲ. ಶುಕ್ರವಾರ ಮಾತ್ರ ಕಂಪೆನಿಯ ಗಾಡಿ ಪೇಟೆಗೆ ಬರುತ್ತದೆ. ಮರಳುಗಾಡು ಎಂದು ತಿಳಿದರೆ ಅಮ್ಮ ಊಟ ಬಿಡುತ್ತಾರೆ, ರಿಂಗು ಬಾರದಿದ್ದರೂ ಊಟ ಬಿಡುತ್ತಾರೆ. ಅದಕ್ಕೆ ಕಣ್ಣೇಟ್ಟನಿಗೆ ಮನೆಯ ನಂಬರ್ ಬರೆದುಕೊಟ್ಟು, ಕೆಲಸದಿಂದ ಬಂದ ಮೇಲೆ ದಿನಾ ಎರಡು ರಿಂಗ್ ಕೊಡಿ ಎಂದು ಹೇಳಿ ಹೋಗಿದ್ದರು. ಕಣ್ಣೇಟ್ಟ ಕೊಟ್ಟರು. ಎಂಟು ತಿಂಗಳು, ಒಂದು ದಿನವೂ ತಪ್ಪದೆ, ಅಲ್ಲಿಯ ಐದೂಮುಕ್ಕಾಲಿಗೆ, ಅಂದರೆ ನಮ್ಮ ಏಳೂಕಾಲಿಗೆ.

“ಊರಿಗೆ ಹೋಗ್ತೇನೆ ಅಂತ ಹೇಳಿದ್ದೆ. ರಿಂಗ್ ನಿಲ್ಲಿಸಿ ಅಂತ ಹೇಳ್ಲಿಕ್ಕೆ ಮರ್ತುಹೋಯ್ತು” ಎಂದರು.

ನನ್ನ ಮೇಲೆ ಸಂಶಯ ಇಲ್ಲ ಎಂದು ಸಮಾಧಾನವಾಯಿತು. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಎದ್ದಿತು. ಎಂಟು ತಿಂಗಳು ನಾನು ಯಾರ ರಿಂಗಿನ ಮೇಲೆ ಕೈಯಿಟ್ಟು ನಿಂತಿದ್ದೆ? ‘ಊಟ ಮಾಡಿ, ಬೇಗ ಮಲಗಿ’ ಎಂದು ಯಾರಿಗೆ ಹೇಳಿದೆ? ಮುಖವೇ ನೋಡದ ನೀಲೇಶ್ವರದ ಮುದುಕರೊಬ್ಬರಿಗೆ! ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆ ಎಂಟು ತಿಂಗಳೇ ನಮ್ಮ ಸಂಸಾರದ ಅತಿ ಒಳ್ಳೆಯ ತಿಂಗಳುಗಳು ಎಂದು ನಾನು ತಿಳಿದಿದ್ದೆ.

ಅಷ್ಟರಲ್ಲಿ ಆ ‘ಹೂಂ’ ನೆನಪಾಯಿತು.

“ನಾನು ಅವತ್ತು ಫೋನಿನಲ್ಲಿ ಹೊಗಳಿದೆ ಅಲ್ಲ, ಸರಿ ಹೊತ್ತಿಗೆ ರಿಂಗ್ ಕೊಡ್ತೀರಿ ಅಂತ? ಆಗ ನೀವು ಹೂಂ ಅಂದ್ರಿ!”

ಅವರು ರಸ್ತೆಯ ತಿರುವಿನ ಕಡೆ ನೋಡಿದರು. ಬಸ್ಸು ಬಂತು. ಅವರು ಹಿಂದೆ ಹತ್ತಿದರು, ನಾನು ಮುಂದೆ ಹತ್ತಿ ಹೆಂಗಸರ ಸೀಟಿನಲ್ಲಿ ಕೂತೆ. ಬದಿಯಡ್ಕ ಬರುವವರೆಗೂ ಕಿಟಕಿಯ ಹೊರಗೇ ನೋಡುತ್ತಿದ್ದೆ. ಏನು ನೋಡಿದೆ ಎಂದು ಕೇಳಿದರೆ ಗೊತ್ತಿಲ್ಲ.

ಪೇಟೆಯ ಫೋನ್ ಬೂತಿನಿಂದ ಅವರು ಕಣ್ಣೇಟ್ಟನಿಗೆ ಫೋನ್ ಮಾಡಿದರು. ನಾನು ಗಾಜಿನ ಬಾಗಿಲಿನ ಹೊರಗೆ ನಿಂತಿದ್ದೆ. ಒಳಗೆ ಅವರು ಮಲಯಾಳದಲ್ಲಿ ಮಾತಾಡುತ್ತ ಹಣೆ ಉಜ್ಜಿಕೊಳ್ಳುತ್ತಿದ್ದದ್ದು ಕಾಣುತ್ತಿತ್ತು. ಹೊರಗೆ ಬಂದವರ ಮುಖ ಸಣ್ಣದಾಗಿತ್ತು.

“ಎಂತ ಹೇಳಿದ್ರು?”

“ಬೈದ್ರು. ‘ನೀನು ಊರಿಗೆ ಮುಟ್ಟಿದೆಯೋ ಇಲ್ಲವೋ ಅಂತ ನನಗೆ ಹೇಗೆ ಗೊತ್ತಾಗಬೇಕು? ನಿನ್ನ ಮನೆಗೆ ನಾನು ಇಷ್ಟು ದಿವಸ ರಿಂಗ್ ಕೊಟ್ಟೆ, ಮುಟ್ಟಿದೆ ಅಂತ ನೀನು ನನಗೊಂದು ರಿಂಗ್ ಕೊಟ್ಟೆಯಾ?’ ಅಂತ ಕೇಳಿದ್ರು.”

ಚಪ್ಪಲಿ ಕೊಂಡುಕೊಂಡು ಬಂದೆವು. ಮನೆಯಲ್ಲಿ ಬಿಚ್ಚಿ ನೋಡಿದರೆ ಎರಡು ಸೈಜು ದೊಡ್ಡದು. ಅಂಗಡಿಯಲ್ಲಿ ನಮ್ಮಿಬ್ಬರ ಗಮನ ಎಲ್ಲಿತ್ತೋ.

ಮಧ್ಯಾಹ್ನ ಅವರು ಅಮ್ಮನಿಗೂ ವಿಷಯ ಹೇಳಿದರು. ಅತ್ತೆ ಮರಳುಗಾಡಿಗೆ ಒಂದಿಷ್ಟು, ಸುಳ್ಳಿಗೆ ಒಂದಿಷ್ಟು ಬೈದು ಸುಮ್ಮನಾದರು. ನಾನು ಮುಖ ಊದಿಸಿಕೊಂಡೇ ಇದ್ದೆ. ನನ್ನ ಕೋಪ ಅವರು ಮರಳುಗಾಡಿಗೆ ಹೋದದ್ದಕ್ಕಲ್ಲ, ಬೇರೆಯವರಿಂದ ರಿಂಗ್ ಕೊಡಿಸಿದ್ದಕ್ಕೂ ಅಲ್ಲ. ನನ್ನ ಹೊಗಳಿಕೆಯನ್ನು ತನ್ನದಲ್ಲ ಎಂದು ಗೊತ್ತಿದ್ದೂ ಇಟ್ಟುಕೊಂಡರಲ್ಲ, ಅದಕ್ಕೆ. ಈ ಮನುಷ್ಯನಿಗೆ ನನ್ನ ನೆನಪಾದರೂ ಇತ್ತೋ, ಇಲ್ಲ ಮನೆಯ ನೆನಪನ್ನೂ ಕಣ್ಣೇಟ್ಟನಿಗೇ ವಹಿಸಿಕೊಟ್ಟಿದ್ದರೋ? ಕೇಳೋಣವೆಂದರೆ ಅತ್ತೆ ಒಳಗೆ, ಮಗಳು ಹೊರಗೆ, ನೆಂಟರು ಅಂಗಳದಲ್ಲಿ. ಎರಡು ವರ್ಷ ಕಾದದ್ದು ಒಂದೇ ಮಾಡಿನ ಕೆಳಗೆ ಇರಲಿಕ್ಕೆ. ಈಗ ಅದೇ ಮಾಡಿನ ಕೆಳಗೆ ಒಂದು ಮಾತಿಗೂ ಜಾಗ ಇಲ್ಲ.

ಸಂಜೆಯಾಯಿತು. ದೀಪ ಹಚ್ಚಿದೆ. ಇವತ್ತು ರಿಂಗು ಬರುವುದಿಲ್ಲ ಎಂದು ಮೂವರು ದೊಡ್ಡವರಿಗೂ ಗೊತ್ತು. ಆದರೂ ಏಳೂಕಾಲು ಆಗುವಾಗ ನಾನು ಬೀಡಿಯ ತಟ್ಟೆ ಬದಿಗಿಟ್ಟು ಫೋನಿನ ಹತ್ತಿರ ಕೂತಿದ್ದೆ. ಅತ್ತೆ ಸೌಟು ಹಿಡಿದು ಬಾಗಿಲಿನಲ್ಲಿ ನಿಂತಿದ್ದರು. ಗಡಿಯಾರದ ಮುಳ್ಳು ದಾಟಿತು. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು. ಯಾರೂ ಬಡಿಸಲಿಲ್ಲ, ಯಾರೂ ಕೇಳಲಿಲ್ಲ. ಮನೆಯ ಮಗ ಮನೆಯಲ್ಲೇ ಕೂತಿದ್ದಾನೆ, ಹುಷಾರಾಗಿದ್ದಾನೆ, ಆದರೂ ಮನೆಗೆ ಊಟದ ಹೊತ್ತು ಆಗಲಿಲ್ಲ.

ಚೈತ್ರಾ ಮಣೆಯ ಮೇಲೆ ಕೂತು ಕಾದು ಕಾದು, ಕಡೆಗೆ ತುಟಿ ನಡುಗಿಸಿ, “ಪಪ್ಪ ಬರ್ಲೇ ಇಲ್ಲ” ಎಂದು ಅಳತೊಡಗಿದಳು.

“ಇಗೋ ಇಲ್ಲಿದ್ದಾರಲ್ಲ ಮಗಾ, ಪಪ್ಪ” ಎಂದರು ಅತ್ತೆ.

ಅವಳು ಅಪ್ಪನನ್ನು ನೋಡಿದಳು. ಮತ್ತೆ ಫೋನನ್ನು ನೋಡಿ ಇನ್ನೂ ಜೋರಾಗಿ ಅತ್ತಳು.

ಆಗ ಗಂಡನ ಮುಖ ನೋಡಿದೆ. ಅಷ್ಟು ಹೊತ್ತು ಅವರ ಮೇಲಿದ್ದ ನನ್ನ ಕೋಪ ಎಲ್ಲಿಗೆ ಹೋಯಿತೋ ತಿಳಿಯದು. ಅವರು ಎದ್ದು ಅಂಗಿ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಏನೂ ಹೇಳದೆ ಗೇಟು ದಾಟಿ ಹೋದರು. ಸಿಟ್ಟಿನಲ್ಲಿ ಹೋದರೋ ದುಃಖದಲ್ಲಿ ಹೋದರೋ ಎಂದು ನನಗೆ ಗಾಬರಿಯಾಯಿತು. ಅತ್ತೆ, “ಎಲ್ಲಿಗೆ ಹೋದ?” ಎಂದರು. ನಾನು ಮಗಳನ್ನು ಎತ್ತಿಕೊಂಡು ಅಲ್ಲಿಂದಿಲ್ಲಿಗೆ ನಡೆಯುತ್ತಿದ್ದೆ.

ಏಳೂಮುಕ್ಕಾಲಿನ ಹೊತ್ತಿಗೆ ಫೋನ್ ರಿಂಗಾಯಿತು. ಒಂದು, ಎರಡು. ನಿಲ್ಲಲಿಲ್ಲ. ಮೂರು. ಎತ್ತಿದೆ.

“ನಾನು” ಎಂದರು.

“ಎಲ್ಲಿದ್ದೀರಿ?”

“ಜನಾರ್ದನಣ್ಣನ ಅಂಗಡಿಯಲ್ಲಿ.”

ಜನಾರ್ದನಣ್ಣನ ದಿನಸಿ ಅಂಗಡಿ ನಮ್ಮ ಗೇಟಿನಿಂದ ಕೂಗಿದರೆ ಕೇಳುವಷ್ಟು ದೂರ.

“ಶಶೀ, ಕೋಪ ಹೋಯ್ತಾ?”

“ನೀವು ಹೂಂ ಯಾಕೆ ಅಂದದ್ದು? ಅದನ್ನು ಹೇಳಿ ಮೊದಲು.” ಎದುರಿಗೆ ಕೇಳಲಾಗದ್ದು ಫೋನಿನಲ್ಲಿ ಸಲೀಸಾಗಿ ಬಂತು.

“ನೀನು ಅಷ್ಟು ಖುಷಿಯಲ್ಲಿ ಹೇಳಿದೆ. ಅಲ್ಲ ಅಂತ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ. ನೀನು ನನ್ನನ್ನು ಹೊಗಳಿದ್ದು ಅದೊಂದೇ ಸಲ, ಗೊತ್ತುಂಟಾ?” ಎಂದರು. ಮತ್ತೆ, “ಅಲ್ಲಿ ಸೈಟಿನಲ್ಲಿ ಐದೂಮುಕ್ಕಾಲಿಗೆ ನಾನು ವಾಚು ನೋಡ್ತಿದ್ದೆ. ಈಗ ರಿಂಗಾಗ್ತಾ ಉಂಟು, ಈಗ ಅಮ್ಮ ಕೇಳಿದ್ರು, ಈಗ ಶಶಿ ಬಂತು ಅಂದಳು ಅಂತ ಲೆಕ್ಕ ಹಾಕ್ತಿದ್ದೆ. ಒಂದು ದಿವಸ ಬಿಡ್ಲಿಲ್ಲ. ಮತ್ತೆ ಎಂತ ಹೇಳುದು? ಇಲ್ಲಿ ಜನಾರ್ದನಣ್ಣ ಈರುಳ್ಳಿ ತೂಗುದು ಬಿಟ್ಟು ಕೇಳ್ತಾ ಇದ್ದಾರೆ” ಎಂದರು.

ನನಗೆ ಅಳು ಬಂತು, ನಗುವೂ ಬಂತು. ಅತ್ತೆ ಎದುರಿಗೇ ನಿಂತಿದ್ದರಿಂದ ಎರಡನ್ನೂ ನುಂಗಿಕೊಂಡೆ.

“ಈಗ ಇಡು. ಇನ್ನೊಮ್ಮೆ ಮಾಡ್ತೇನೆ. ಎತ್ಬೇಡ” ಎಂದರು.

ಇಟ್ಟೆ. ಫೋನ್ ರಿಂಗಾಯಿತು. ಒಂದು. ಎರಡು. ನಿಂತಿತು. ಚೈತ್ರಾ ಅಳು ನಿಲ್ಲಿಸಿದಳು. ಅತ್ತೆ ಸೌಟು ಹಿಡಿದುಕೊಂಡು ಒಳಗೆ ಹೋಗಿ, ಏನೂ ಆಗದವರಂತೆ, “ಬಂತಾ?” ಎಂದು ಕೇಳಿದರು.

“ಬಂತು” ಎಂದೆ.

ಅವರು ಬೆವರು ಒರೆಸುತ್ತ ಬಂದಾಗ ಊಟಕ್ಕೆ ಬಡಿಸಿಯಾಗಿತ್ತು. ಚೈತ್ರಾ ಮಣೆಯಿಂದ ಎದ್ದು ಬಾಗಿಲಿಗೆ ಹೋಗಿ, ಮೊದಲ ಸಲ ಅವರ ಬೆರಳು ಹಿಡಿದು, “ಪಪ್ಪ, ನಿಮ್ಮ ಫೋನ್ ಬಂತು” ಎಂದು ವರದಿ ಒಪ್ಪಿಸಿದಳು. ಅವರು “ಹೌದಾ?” ಎಂದರು. ಬೆರಳು ಬಿಡಿಸಿಕೊಳ್ಳದೆ ಮಣೆಯವರೆಗೂ ಅವಳ ಹಿಂದೆ ಬಂದರು.

ಊಟ ಮುಗಿಸಿ ಕೈ ತೊಳೆಯುವಾಗ ಅತ್ತೆ ಇದ್ದಕ್ಕಿದ್ದಂತೆ, “ಅಲ್ಲ ಮಾರಾಯ, ಎಂಟು ತಿಂಗಳು ರಿಂಗ್ ಬಂದದ್ದಕ್ಕೆ ನೀನು ಹುಷಾರಿದ್ದಿ ಅಂತ ನಾವು ಉಂಡೆವು. ಆ ರಿಂಗ್ ಕೊಟ್ಟವನು ಹುಷಾರಿದ್ದಾನಾ ಅಂತ ಕೇಳಿದವರು ಯಾರು?” ಎಂದರು. ಗಂಡ ಬಹಳ ಹೊತ್ತು ನೀರು ಹೊಯ್ಯುತ್ತಲೇ ನಿಂತಿದ್ದರು.

ಜೂನಿನಲ್ಲಿ ಅವರು ಮರಳಿ ಹೋದರು. ಈ ಸಲ ಪೇಟೆಯಲ್ಲೇ ಕೆಲಸ. ರಿಂಗು ಅವರದೇ. ಅದು ಗೊತ್ತಾಗುತ್ತಿದ್ದದ್ದು ಹೇಗೆಂದರೆ ಒಂದು ದಿನ ಏಳಕ್ಕೆ, ಒಂದು ದಿನ ಎಂಟೂವರೆಗೆ, ಕೆಲವು ದಿನ ಇಲ್ಲವೇ ಇಲ್ಲ. ತಪ್ಪಿದ ದಿನ ಬೈಯುತ್ತಿದ್ದೆ, ಬೈಯುತ್ತಲೇ ಖುಷಿಪಡುತ್ತಿದ್ದೆ. ಆದರೂ ನಿಜ ಹೇಳಬೇಕಲ್ಲ, ಗಡಿಯಾರ ಏಳೂಕಾಲು ತೋರಿಸುವಾಗ ನನ್ನ ಕೈ ಕೆಲಸ ಬಿಟ್ಟು ನಿಲ್ಲುತ್ತಿತ್ತು. ಇನ್ನೊಂದು ರಿಂಗನ್ನು ಕಿವಿ ಹುಡುಕುತ್ತಿತ್ತು. ಇದನ್ನು ನಾನು ಗಂಡನಿಗೂ ಹೇಳಿಲ್ಲ. ಇದಕ್ಕೆ ಏನು ಹೆಸರಿಡಬೇಕೋ ನನಗೆ ಗೊತ್ತಿಲ್ಲ.

2012ರಲ್ಲಿ ಗಂಡ ರಜೆಯಲ್ಲಿ ಇದ್ದಾಗ ಕಣ್ಣೇಟ್ಟ ಕೆಲಸ ಬಿಟ್ಟು ಊರಿಗೆ ಬಂದವರು ನಮ್ಮ ಮನೆಗೆ ಬಂದರು. ಕುಂಬಳೆಯಲ್ಲಿ ರೈಲಿಳಿದವರನ್ನು ಇವರೇ ಹೋಗಿ ಕರೆತಂದರು. ತೆಳ್ಳಗಿನ, ಎತ್ತರದ ಮನುಷ್ಯ. ಬಿಳಿ ಮುಂಡು, ಕೈಯಲ್ಲಿ ಒಂದು ಪೊಟ್ಟಣ ಖರ್ಜೂರ. ನಾನು ನೀರು ಕೊಟ್ಟಾಗ “ಮೋಳೇ”, ಮಗಳೇ, ಎಂದು ಕರೆದು ಚಾವಡಿಯನ್ನು ಸುತ್ತ ನೋಡಿದರು. ಅಷ್ಟರಲ್ಲಿ ಎಲ್ಲರ ಕೈಗೂ ಮೊಬೈಲು ಬಂದಿತ್ತು. ಆ ಹಳೆಯ ಫೋನನ್ನು ತೆಗೆಯಲು ಮಾತ್ರ ಅತ್ತೆ ಬಿಟ್ಟಿರಲಿಲ್ಲ. ಕಸೂತಿ ಬಟ್ಟೆ ಹೊದ್ದುಕೊಂಡು ಅಲ್ಲೇ ಇತ್ತು.

“ಇದಾ?” ಎಂದು ಕೇಳಿದರು ಕಣ್ಣೇಟ್ಟ. ನಮ್ಮ ಮನೆಯ ನಂಬರನ್ನು ಒಂದೊಂದೇ ಅಂಕಿಯಾಗಿ ಮಲಯಾಳದಲ್ಲಿ ಹೇಳಿದರು. ಐದು ವರ್ಷವಾದರೂ ಮರೆತಿರಲಿಲ್ಲ.

“ಒಂದು ದಿವಸ ಯಾರೋ ಎತ್ತಿದರು. ಕೆಮ್ಮು ಬಂತು, ಇಟ್ಟುಬಿಟ್ಟೆ” ಎಂದು ನಕ್ಕರು. ಎತ್ತಿದ್ದು ನಾನೇ; ಖಾಲಿ ಲೋಟ ತೆಗೆಯುವ ನೆವದಲ್ಲಿ ಬಗ್ಗಿದೆ. ಅವರಿಗೆ ಗೊತ್ತಾಗಿರಬೇಕು, ನನ್ನ ಕಡೆ ನೋಡಲಿಲ್ಲ.

ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿತ್ತಂತೆ. ಮಕ್ಕಳಿಲ್ಲ. ಇನ್ನು ತಂಗಿಯ ಮನೆಯಲ್ಲಿ ಇರುವುದು. “ರೂಮಿನಲ್ಲಿ ಸಂಜೆ ಎಲ್ಲರೂ ಮನೆಗೆ ರಿಂಗ್ ಕೊಡುತ್ತಾರೆ. ಕೊಡಲಿಕ್ಕೆ ನನಗೂ ಒಂದು ಮನೆ ಆಯಿತಲ್ಲ” ಎಂದರು. ತಮಾಷೆಯ ಸ್ವರದಲ್ಲೇ ಹೇಳಿದರು. ಯಾರೂ ನಗಲಿಲ್ಲ. ಅತ್ತೆಗೆ ಮಲಯಾಳ ಅಷ್ಟಕ್ಕಷ್ಟೆ, ಆದರೂ ಎಲ್ಲ ಅರ್ಥವಾದವರಂತೆ ಎದ್ದು ಹೋಗಿ ಅವರ ಎಲೆಗೆ ಇನ್ನೆರಡು ಮೀನಿನ ತುಂಡು ಬಡಿಸಿದರು.

ಸಂಜೆಯ ರೈಲಿಗೆ ಹೊರಟರು. ನೀಲೇಶ್ವರ ಸೇರಲು ಹೆಚ್ಚೆಂದರೆ ಒಂದೂವರೆ ಗಂಟೆ. ಆರೂವರೆಗೆಲ್ಲ ಮನೆ ಮುಟ್ಟಿರುತ್ತಾರೆ ಎಂದು ಇವರು ಲೆಕ್ಕ ಹಾಕಿದರು. ನಾನು ದೀಪ ಹಚ್ಚಿ ಬಂದು ಮಗಳ ಹೋಂವರ್ಕ್ ನೋಡುತ್ತಿದ್ದೆ.

ಹಳೆಯ ಫೋನ್ ರಿಂಗಾಯಿತು. ಎರಡು ಸಲ. ನಿಂತಿತು.

ಗಡಿಯಾರ ನೋಡಿದೆ. ಸರಿಯಾಗಿ ಏಳೂಕಾಲು. ಮನೆಗೆ ಮುಟ್ಟಿ, ಮುಕ್ಕಾಲು ಗಂಟೆ ಕಾದು ಕೊಟ್ಟಿದ್ದರು.

ನನ್ನ ಗಂಡ ಎದುರಿಗೇ ಕೂತಿದ್ದರು. ನಾನು ಎದ್ದು ಹೋಗಿ ಅವರು ನೋಡುತ್ತಿರುವಂತೆಯೇ ರಿಸೀವರಿನ ಮೇಲೆ ಅಂಗೈ ಇಟ್ಟು ಒಂದು ಗಳಿಗೆ ನಿಂತೆ. ಆ ಎಂಟು ತಿಂಗಳು ಯಾರದ್ದು ಎಂದು ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಲೆಕ್ಕ ಹಾಕಿದವರು ಒಬ್ಬರು, ರಿಂಗ್ ಕೊಟ್ಟವರು ಒಬ್ಬರು, ಕೈಯಿಟ್ಟು ನಿಂತವಳು ನಾನು. ಗಂಡ ಮಗಳ ಪುಸ್ತಕ ಮುಚ್ಚಿ ಬದಿಗಿಟ್ಟರು.

ಅತ್ತೆ ಒಳಗಿಂದ ಕೇಳಿದರು, “ಬಂತಾ?”

“ಬಂತು” ಎಂದೆ.

ಯಾರದ್ದು ಎಂದು ಅತ್ತೆ ಕೇಳಲಿಲ್ಲ. ಸೌಟಿನ ಸದ್ದು ಕೇಳಿಸಿತು. ನಾವು ಊಟಕ್ಕೆ ಎದ್ದೆವು.